ಕೈಪಟ್ಟಿ ಬರೆದಿಟ್ಟ ರಾತ್ರಿ



ಡಿಮೆನ್ಶಿಯಾ ಇರುವ ಹಿರಿಯರನ್ನು ಡಾಕ್ಟರು, "ರಾತ್ರಿ ನಿದ್ದೆ ಬಂತಾ ಅಜ್ಜಿ?" ಎಂದು ಕೇಳಿದರೆ, "ಚೆನ್ನಾಗಿ ಬಂತಪ್ಪಾ" ಎನ್ನಬಹುದು. ನಡುರಾತ್ರಿ ಎದ್ದು ಬಾಗಿಲ ಚಿಲಕ ತೆಗೆಯಲು ಹೋದದ್ದು ಅವರಿಗೆ ನೆನಪಿಲ್ಲ. ಸೊಸೆಯನ್ನು ಕೇಳೋಣವೆಂದರೆ ಆಕೆಯೂ ನಿದ್ದೆಗೆಟ್ಟವಳು. ತೀರಾ ಕೆಟ್ಟ ರಾತ್ರಿಗಳಷ್ಟೇ ಅವಳ ಮನಸ್ಸಿನಲ್ಲಿ ನಿಂತಿರುತ್ತವೆ. ಹೀಗಾಗಿ ಸಂಶೋಧಕರು ಆಕ್ಟಿಗ್ರಾಫ್ ಎಂಬ ಕೈಪಟ್ಟಿಯ ಮೊರೆಹೋದರು.

ಅದರೊಳಗೆ ಚಲನೆಯನ್ನು ಅಳೆಯುವ ಪುಟ್ಟ ಸಂವೇದಕವಿದೆ. ಮೊಬೈಲನ್ನು ಅಡ್ಡ ಹಿಡಿದಾಗ ಚಿತ್ರವೂ ಅಡ್ಡವಾಗುತ್ತದಲ್ಲ, ಆ ಜಾತಿಯದೇ. ಕೈ ಅಲುಗಿದ್ದನ್ನೆಲ್ಲ ಅದು ಹಗಲೂ ರಾತ್ರಿ ಬರೆದುಕೊಳ್ಳುತ್ತದೆ. ದಿನದಿನದ ಗೆರೆಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಆರೋಗ್ಯವಂತರಲ್ಲಿ ಹಗಲು ದಟ್ಟ, ರಾತ್ರಿ ಖಾಲಿ. ಕಾಯಿಲೆ ಬಲಿತವರಲ್ಲಿ ಎರಡೂ ಕಲಸಿಹೋಗಿರುವುದುಂಟು. ಒಂದು ಎಚ್ಚರಿಕೆ: ಪಟ್ಟಿಗೆ ಗೊತ್ತಿರುವುದು ಅಲುಗಾಟ ಮಾತ್ರ. ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿದ್ದರೂ ಅದನ್ನು ನಿದ್ದೆಯ ಲೆಕ್ಕಕ್ಕೇ ಸೇರಿಸಿಬಿಡಬಹುದು.

ನೆದರ್ಲೆಂಡ್ಸ್‌ನ 12 ಆರೈಕೆ ಮನೆಗಳ 189 ಹಿರಿಯರ ಮೇಲೆ ನಡೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಕೆಲವು ಮನೆಗಳಲ್ಲಿ ಹಗಲಿಡೀ ಪ್ರಖರ ದೀಪ, ಕೆಲವರಿಗೆ ನಿದ್ದೆಗೆಂದು ಸಂಜೆ ಮೆಲಟೋನಿನ್ ಮಾತ್ರೆ. ಮಾತ್ರೆ ನುಂಗಿದವರ ನಿದ್ದೆ ಸರಾಸರಿ 27 ನಿಮಿಷ ಹೆಚ್ಚಿತ್ತೆಂದು ಕೈಪಟ್ಟಿಯ ದಾಖಲೆ ತೋರಿಸಿತು. ಅಷ್ಟಕ್ಕೇ ನಿಂತಿದ್ದರೆ ಮಾತ್ರೆ ಗೆದ್ದಂತೆಯೇ. ಆದರೆ ಮಾತ್ರೆಯೊಂದನ್ನೇ ಪಡೆದವರು ಮಂಕಾಗಿ, ಜನರಿಂದ ದೂರ ಸರಿಯುತ್ತಿದ್ದುದನ್ನು ಅವರನ್ನು ನೋಡಿಕೊಳ್ಳುತ್ತಿದ್ದವರು ಗುರುತಿಸಿದರು. ಬೆಳಕೂ ಜೊತೆಗಿದ್ದಾಗ ಹಾಗೆ ದೂರ ಸರಿಯುವುದು ಕಾಣಲಿಲ್ಲ. ಮುಖ ಬಾಡಿದ್ದನ್ನು ಅಳೆಯುವ ಪಟ್ಟಿ ಎಲ್ಲಿದೆ?

ಇನ್ನೊಂದು ಕಷ್ಟ, ನನಗೆ ಇದೇ ದೊಡ್ಡದು. ಇಂಥ ಅಧ್ಯಯನದ ಒಪ್ಪಿಗೆಯ ಕಾಗದಕ್ಕೆ ಸೋಮವಾರ ಸಹಿ ಹಾಕಿದ ತಾತನಿಗೆ, ಮಂಗಳವಾರ ಕೈಯಲ್ಲಿರುವುದು ಏನೆಂದೇ ತಿಳಿಯದು. ಬಿಚ್ಚಿ ದಿಂಬಿನಡಿ ಇಡುತ್ತಾರೆ. ಅಲ್ಲಿ ಅಲುಗಾಟವಿಲ್ಲ; ಗಾಢ ನಿದ್ದೆಯೋ, ಬರಿಯ ದಿಂಬೋ? ಮೈಶಾಖ ಅರಿಯುವ ಪಟ್ಟಿಯಾದರೆ ಸುಳಿವು ಸಿಗುತ್ತದೆ. ಸುಲಭಕ್ಕೆ ಬಿಚ್ಚಲಾಗದ ಪಟ್ಟಿಗಳೂ ಇವೆ. ಅವು ಸಂಶೋಧಕರ ಅನುಕೂಲಕ್ಕೇ ಹೊರತು ಕೈಯ ಒಡೆಯರಿಗಲ್ಲ. ಇಂಗ್ಲೆಂಡಿನ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೊಡುವ ಶಕ್ತಿ ಕಳೆದುಕೊಂಡವರು ಬೇಡವೆನ್ನುವ ಲಕ್ಷಣ ತೋರಿದರೂ ಸಂಶೋಧಕರು ಅದಕ್ಕೆ ಮಣಿಯಬೇಕು. ಪಟ್ಟಿಯನ್ನು ಮತ್ತೆಮತ್ತೆ ಕಿತ್ತೆಸೆಯುವುದೂ ಹಾಗೆ ಬೇಡವೆನ್ನುವ ಬಗೆಯೇ. ಹಿಂದೆ ವಾಚು ಕಟ್ಟುತ್ತಿದ್ದ ಕೈಗೇ, ದಿನವೂ ಕೇಳಿ ಕಟ್ಟಿ ನೋಡಬಹುದು. ಆಗಲೂ ಬಿಚ್ಚಿದರೆ ಆ ದಿನದ ದಾಖಲೆ ಅಲ್ಲಿಗೆ ನಿಂತಿತು, ಅಷ್ಟೆ.