ಮಲ್ಲಿಗೆ ಮುಡಿದವಳಿಗೆ ಕೋಡಿಂಗ್ ಬರಲ್ಲ ಅಂದೋರು ಯಾರು?



ಇವತ್ತು ರಾಜಕೀಯ ಬೇಡ. ರಾಜಕೀಯ ನಾಳೆನೂ ಇರುತ್ತೆ, ಎಲ್ಲಿಗೂ ಓಡಿ ಹೋಗಲ್ಲ. ಇವತ್ತು ಒಂದು ಮೊಳ ಮಲ್ಲಿಗೆ ಹೂವಿನ ಬಗ್ಗೆ ಮಾತಾಡೋಣ.

2014ರ ಸೆಪ್ಟೆಂಬರ್ 24. ಮಂಗಳಯಾನ ನೌಕೆ ಮಂಗಳ ಗ್ರಹದ ಕಕ್ಷೆ ಸೇರಿದ ದಿನ. ಬೆಂಗಳೂರಿನ ಇಸ್ರೋ ಕೇಂದ್ರದಿಂದ ಒಂದು ಫೋಟೋ ಹೊರಗೆ ಬಂತು, ನೆನಪಿದೆಯಾ? ರೇಷ್ಮೆ ಸೀರೆ, ಮುಡಿಯಲ್ಲಿ ಹೂವು, ಒಬ್ಬರನ್ನೊಬ್ಬರು ತಬ್ಬಿಕೊಂಡು ನಗುತ್ತಿರುವ ಹೆಂಗಸರು. ಇಡೀ ಪ್ರಪಂಚ ಆ ಫೋಟೋ ನೋಡಿತು. ‘ಸೀರೆ ಉಟ್ಟ ರಾಕೆಟ್ ವಿಜ್ಞಾನಿಗಳು’ ಅಂತ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಆಮೇಲೆ ಇಸ್ರೋ ಸ್ಪಷ್ಟನೆ ಕೊಟ್ಟಿತು: ಆ ಚಿತ್ರದಲ್ಲಿ ಇರುವವರು ಆಡಳಿತ ವಿಭಾಗದ ಸಿಬ್ಬಂದಿ, ಆದರೆ ಯೋಜನೆಯಲ್ಲಿ ದುಡಿದ ಮಹಿಳಾ ವಿಜ್ಞಾನಿಗಳು ಬಹಳ ಮಂದಿ ಇದ್ದಾರೆ ಅಂತ.

ಅಷ್ಟು ಸಾಕಾಯ್ತು ನೋಡಿ ಕೆಲವರಿಗೆ. ‘ಹಂಗೆ ಹೇಳಿ! ಹೂ ಮುಡಿದವರು ರಾಕೆಟ್ ಹಾರಿಸ್ತಾರಾ ಅಂತ ನಮಗೆ ಆಗಲೇ ಅನುಮಾನ ಇತ್ತು’ ಅನ್ನೋ ನಗೆಮಾತನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಆದರೆ ಅದೇ ಮಂಗಳಯಾನದಲ್ಲಿ ರಿತು ಕರಿಧಾಲ್, ನಂದಿನಿ ಹರಿನಾಥ್ ಇಬ್ಬರೂ ಕಾರ್ಯಾಚರಣೆಯ ಉಪ ನಿರ್ದೇಶಕಿಯರು. ಚಂದ್ರಯಾನ-2ಕ್ಕೆ ಯೋಜನಾ ನಿರ್ದೇಶಕಿ ಎಂ. ವನಿತಾ, ಮಿಷನ್ ನಿರ್ದೇಶಕಿ ಇದೇ ರಿತು. 2023ರಲ್ಲಿ ಚಂದ್ರನ ಮೇಲೆ ಇಳಿದ ಚಂದ್ರಯಾನ-3ರ ಸಹಯೋಜನಾ ನಿರ್ದೇಶಕಿ ಕಲ್ಪನಾ. ಸೂರ್ಯನ ಅಧ್ಯಯನಕ್ಕೆ ಹೋದ ಆದಿತ್ಯ-ಎಲ್1ರ ಯೋಜನಾ ನಿರ್ದೇಶಕಿ ನಿಗಾರ್ ಶಾಜಿ. ಹೊಗಳಿದವರು ಸೀರೆ ನೋಡಿದರು, ಆಡಿಕೊಂಡವರೂ ಸೀರೆನೇ ನೋಡಿದರು. ಕೆಲಸ ನೋಡಿದವರು ಎಷ್ಟು ಜನ?

ಈ ಮಾತು ಈಗ ಯಾಕೆ ಅಂದರೆ, ದೊಡ್ಡಬಳ್ಳಾಪುರದಿಂದ ನನಗೊಂದು ಪತ್ರ ಬಂದಿದೆ. ಬರೆದವಳು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷ ಓದುತ್ತಿರುವ ಹುಡುಗಿ. ಹೆಸರು ಬೇಡ. ಮನೆಯಲ್ಲಿ ಪವರ್‌ಲೂಮ್ ಇದೆ, ಅಪ್ಪ ಅಮ್ಮ ಇಬ್ಬರೂ ಸೀರೆ ನೇಯುತ್ತಾರೆ. ಬೆಳಗಿನ ಬಸ್ಸು ಹತ್ತುವ ಮುಂಚೆ ಅಮ್ಮ ತಲೆ ಬಾಚಿ ಹೂ ಮುಡಿಸುತ್ತಾರೆ. ಕೈತುಂಬ ಬಳೆ, ಹಣೆಗೆ ಕುಂಕುಮ. ಇವಳಿಗೂ ಅದು ಇಷ್ಟ. ಯಾರ ಬಲವಂತವೂ ಇಲ್ಲ.

ಕಾಲೇಜಿನ ಹ್ಯಾಕಥಾನ್‌ನಲ್ಲಿ, ಅಂದರೆ ರಾತ್ರಿಯೆಲ್ಲ ಕೂತು ಸಾಫ್ಟ್‌ವೇರ್ ಬರೆಯುವ ಸ್ಪರ್ಧೆಯಲ್ಲಿ, ಅವಳ ತಂಡದ ಹುಡುಗರು ಕೊಟ್ಟ ಮೊದಲ ಮರ್ಯಾದೆ ಏನು ಗೊತ್ತಾ? ‘ಏನಮ್ಮಾ, ಸೀದಾ ಮದುವೆಮನೆಯಿಂದ ಬಂದ್ಯಾ?’ ಎರಡನೆಯದು, ‘ಕೋಡಿಂಗ್ ನಾವು ನೋಡ್ಕೋತೀವಿ, ನೀನು ಪಿಪಿಟಿ ಮಾಡು. ನಿನಗೆ ಕಲರ್ ಸೆನ್ಸ್ ಚೆನ್ನಾಗಿದೆ.’ ಅದೇ ತಂಡದಲ್ಲಿ ಇನ್ನೊಬ್ಬ ಹುಡುಗಿ ಇದ್ದಳಂತೆ. ಕೂದಲು ಗಿಡ್ಡ, ಕಪ್ಪು ಟೀಶರ್ಟು, ವಿಡಿಯೋ ಗೇಮಿನ ಮಾತಲ್ಲಿ ಹುಡುಗರ ಸಮಕ್ಕೂ ನಿಲ್ಲುವವಳು. ಅವಳಿಗೆ ಕೀಬೋರ್ಡ್ ಸಿಕ್ಕಿತು. ಆದರೆ ಜೊತೆಗೆ ಒಂದು ಸರ್ಟಿಫಿಕೇಟೂ ಸಿಕ್ಕಿತು: ‘ನೀನು ಬಿಡು, ನೀನು ಹುಡುಗಿ ಥರ ಅಲ್ಲ.’

ಈ ಸಾಲಿನ ಹತ್ತಿರ ನಾನು ನಿಂತುಬಿಟ್ಟೆ. ಹುಡುಗರು ಅದನ್ನು ಹೊಗಳಿಕೆ ಅಂತಲೇ ಹೇಳಿದ್ದು. ಹಾಗಾದರೆ ಹುಡುಗಿ ಥರ ಇರೋದು ಬೈಗುಳವಾ? ಗಿಡ್ಡ ಕೂದಲು ಆ ಹುಡುಗಿಯ ಇಷ್ಟ, ಮಲ್ಲಿಗೆ ಈ ಹುಡುಗಿಯ ಇಷ್ಟ. ಒಬ್ಬಳನ್ನು ಒಳಗೆ ಬಿಟ್ಟುಕೊಳ್ಳುವಾಗಲೂ ಹೆಣ್ಣುತನವನ್ನು ಬಾಗಿಲಲ್ಲಿ ಕಳಚಿಡು ಅಂತಲೇ ಅಲ್ಲವಾ ಹೇಳಿದ್ದು?

ಇದು ಹಳೇ ರೋಗ, ನಮ್ಮ ಬೆಂಗಳೂರಿನದೇ. 1933ರಲ್ಲಿ ಕಮಲಾ ಭಾಗವತ್ ಅನ್ನೋ ಹುಡುಗಿ, ಮುಂದೆ ಕಮಲಾ ಸೊಹೊನಿ ಅಂತ ಹೆಸರಾದವರು, ಟಾಟಾ ಇನ್‌ಸ್ಟಿಟ್ಯೂಟ್‌ಗೆ ಅರ್ಜಿ ಹಾಕಿದರು. ಆಗ ಅಲ್ಲಿ ನಿರ್ದೇಶಕರು ಸರ್ ಸಿ.ವಿ. ರಾಮನ್, ನೊಬೆಲ್ ಪಡೆದವರು. ಹೆಣ್ಣು ಅಂತ ಸೀಟು ನಿರಾಕರಿಸಿದರು. ಹುಡುಗಿ ಬಿಡಲಿಲ್ಲ, ಪಟ್ಟು ಹಿಡಿದರು. ಕೊನೆಗೆ ಒಪ್ಪಿದ್ದು ಷರತ್ತಿನ ಮೇಲೆ. ಮೊದಲ ವರ್ಷ ಪರೀಕ್ಷಾರ್ಥ, ಕೆಲಸದ ಗುಣಮಟ್ಟ ನಿರ್ದೇಶಕರಿಗೆ ಒಪ್ಪಿಗೆಯಾದರೆ ಮಾತ್ರ ಮಾನ್ಯತೆ. ಮತ್ತೊಂದು ಷರತ್ತು ಕೇಳಿ: ಗಂಡು ಸಂಶೋಧಕರ ಗಮನ ಕೆಡಿಸಬಾರದು. ಅಲ್ಲ ಸ್ವಾಮಿ, ಅವರ ಗಮನಕ್ಕೆ ಇವಳು ಹೊಣೆಯಾ? ಕಮಲಾ ಆ ವರ್ಷವನ್ನೂ ದಾಟಿದರು, ಮುಂದೆ ಕೇಂಬ್ರಿಡ್ಜ್‌ನಿಂದ ಪಿಎಚ್‌ಡಿ ತಂದರು. ಸುಧಾ ಮೂರ್ತಿ ಅವರ ಪೋಸ್ಟ್‌ಕಾರ್ಡ್ ಕಥೆಯಂತೂ ನಿಮಗೆಲ್ಲ ಬಾಯಿಪಾಠ, ಅದನ್ನು ಮತ್ತೆ ಹೇಳಲ್ಲ.

ಗಂಡಸರ ಬಟ್ಟೆಗೆ ಏನಾಗುತ್ತೆ, ಅದನ್ನೂ ನೋಡಿ. ಮಂಗಳಯಾನದ ಅದೇ ವರ್ಷ, ನವೆಂಬರ್ ತಿಂಗಳು. ಯುರೋಪಿನ ರೊಸೆಟ್ಟಾ ಯೋಜನೆಯವರು ಧೂಮಕೇತುವಿನ ಮೇಲೆ ನೌಕೆ ಇಳಿಸಿದರು. ಅದರ ವಿಜ್ಞಾನಿ ಮ್ಯಾಟ್ ಟೇಲರ್ ಕ್ಯಾಮೆರಾ ಮುಂದೆ ಬಂದದ್ದು ಅರೆಬರೆ ಬಟ್ಟೆಯ ಹೆಂಗಸರ ಚಿತ್ರಗಳಿರುವ ಶರ್ಟ್ ಹಾಕಿಕೊಂಡು. ಗಲಾಟೆ ಆಯಿತು, ಅವರು ಕಣ್ಣೀರು ಹಾಕಿ ಕ್ಷಮೆ ಕೇಳಿದರು. ಆದರೆ ‘ಇಂಥ ಶರ್ಟ್ ಹಾಕಿದವನಿಗೆ ಧೂಮಕೇತು ಅಂದರೇನು ಗೊತ್ತಾ’ ಅಂತ ಅವರ ವಿದ್ಯೆಯನ್ನು ಯಾರೂ ಅನುಮಾನಿಸಲಿಲ್ಲ. ನಮ್ಮ ಹುಡುಗಿಯ ಬಳೆ ಸದ್ದಿಗೆ ಮಾತ್ರ ಅವಳ ವಿದ್ಯೆಯೇ ಸಂಶಯ.

ನನ್ನ ವೃತ್ತಿಯಲ್ಲಿ ಕಥೆ ಉಲ್ಟಾ. ಇಲ್ಲಿ ಹೆಣ್ಣುಮಕ್ಕಳು ಚೆನ್ನಾಗಿ ಕಾಣಲೇಬೇಕು. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಮೇಕಪ್ ಕುರ್ಚಿಗೆ ನನ್ನನ್ನೇ ಮೊದಲು ಕರೆಯೋರು. ಬಜೆಟ್ ಚರ್ಚೆ ಬಂದಾಗ ಮಾತ್ರ ‘ಮೇಡಂ, ಇದನ್ನ ಅವರು ಮಾಡ್ಲಿ, ಸ್ವಲ್ಪ ಹೆವಿ ಸಬ್ಜೆಕ್ಟು.’ ಇರಲಿ, ನನ್ನ ಪುರಾಣ ಸಾಕು.

ಪತ್ರಕ್ಕೆ ಬರೋಣ. ಆ ಹುಡುಗಿಗೆ ನಾನು ಒಂದು ವಿಷಯ ನೆನಪು ಮಾಡಬೇಕು. ಮಗಳೇ, ನಿಮ್ಮ ಮನೆಯ ಮಗ್ಗದ ಮೇಲೆ ತಲೆ ಎತ್ತಿ ನೋಡು. ಜಕಾರ್ಡ್ ಇದೆಯಲ್ಲ, ಸೀರೆಯ ಅಂಚು, ಸೆರಗಿನ ಹೂವು ಮೂಡಿಸುವ ಸಾಧನ? ಹಳೆಯ ಮಗ್ಗಗಳಲ್ಲಿ ಅದಕ್ಕೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರಮಾಲೆ ಇರುತ್ತೆ. ತೂತು ಇದ್ದ ಕಡೆ ಹಾಸಿನ ಎಳೆ ಮೇಲಕ್ಕೆದ್ದೇಳುತ್ತೆ, ಇಲ್ಲದ ಕಡೆ ಹಾಗೇ ಇರುತ್ತೆ. ಇದೆ–ಇಲ್ಲ, ಇದೆ–ಇಲ್ಲ. ಕಂಪ್ಯೂಟರಿನ ಒಂದು–ಸೊನ್ನೆ ಲೆಕ್ಕವೂ ಇದೇ ತಾನೆ? 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ರೂಪಿಸಿದ ಈ ಮಗ್ಗದ ಕಾರ್ಡುಗಳನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಬಳಸಲು ಹೊರಟ. ಆ ಯಂತ್ರಕ್ಕೆ 1843ರಲ್ಲಿ ವಿವರವಾದ ಟಿಪ್ಪಣಿ ಬರೆದು, ಜಗತ್ತಿನ ಮೊದಲ ಪ್ರೋಗ್ರಾಮರ್ ಅಂತ ಹೆಸರು ಪಡೆದವಳು ಏಡಾ ಲವ್‌ಲೇಸ್, ಒಬ್ಬ ಹೆಣ್ಣುಮಗಳು. ಆಗಿನ ಕಾಲದ ಅವಳ ಚಿತ್ರಗಳನ್ನು ನೋಡಿ, ನೆರಿಗೆಯ ಗೌನು, ತಲೆಯಲ್ಲಿ ಅಲಂಕಾರ. ಅಂದರೆ ನಿಮ್ಮಮ್ಮ ನೇಯುವ ಸೀರೆಯಂಚೇ ಒಂದು ಪ್ರೋಗ್ರಾಂ. ಆ ಸೀರೆ ಉಟ್ಟು ಲ್ಯಾಬಿಗೆ ಹೋದರೆ ನಗುವವರಿಗೆ ತಮ್ಮ ಸಬ್ಜೆಕ್ಟಿನ ಚರಿತ್ರೆಯೇ ಗೊತ್ತಿಲ್ಲ.

ಈಗ ಕೆಲವು ವೀಕ್ಷಕರು ಕೇಳ್ತೀರಿ, ‘ಮೇಡಂ, ಯಂತ್ರದ ಹತ್ತಿರ ಬಳೆ, ದುಪ್ಪಟ್ಟಾ ಅಪಾಯ ಅಲ್ವಾ?’ ಹೌದು, ಅಪಾಯವೇ. ಓಡುವ ಮಗ್ಗಕ್ಕೆ ಸೆರಗು ಸಿಕ್ಕರೆ ಏನಾಗುತ್ತೆ ಅಂತ ದೊಡ್ಡಬಳ್ಳಾಪುರದವರಿಗೆ ನಾನು ಹೇಳಿಕೊಡಬೇಕಿಲ್ಲ. ಎಲೆಕ್ಟ್ರಾನಿಕ್ಸ್ ಜೋಡಿಸುವ ಕಡೆ ಲೋಹದ ಒಡವೆಯಿಂದ ಸರ್ಕೀಟಿಗೆ ತೊಂದರೆ. ಅದು ಯಂತ್ರದ ನಿಯಮ, ಬಳೆಗೂ ಒಂದೇ, ಗಂಡಸರ ಕೈಯ ಕಡಗಕ್ಕೂ ಒಂದೇ. ಶಿಫ್ಟ್ ಮುಗಿದ ಮೇಲೆ ಮತ್ತೆ ತೊಟ್ಟುಕೊಂಡರಾಯಿತು. ಆದರೆ ಯಂತ್ರದ ನಿಯಮದ ಹೆಸರಲ್ಲಿ ಗಂಡಸರ ನಿಯಮ ಒಳಗೆ ನುಸುಳುತ್ತೆ, ಎಚ್ಚರ.

2024ರ ಜೂನ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಒಂದು ವರದಿ ಮಾಡಿತು. ತಮಿಳುನಾಡಿನ ಫಾಕ್ಸ್‌ಕಾನ್ ಐಫೋನ್ ಕಾರ್ಖಾನೆಯಲ್ಲಿ ಮದುವೆಯಾದ ಹೆಂಗಸರನ್ನು ಜೋಡಣೆ ಕೆಲಸಕ್ಕೆ ತೆಗೆದುಕೊಳ್ಳುತ್ತಿಲ್ಲ ಅಂತ. ಅದಕ್ಕೆ ಕೇಳಿಬಂದ ಕಾರಣಗಳಲ್ಲಿ ಸಂಸಾರದ ಜವಾಬ್ದಾರಿ, ಬಸಿರು, ಜೊತೆಗೆ ಮುತ್ತೈದೆಯರ ಒಡವೆಯೂ ಇತ್ತು. ಕೇಂದ್ರ ಸರ್ಕಾರ ವರದಿ ಕೇಳಿತು. ಕಂಪನಿ ತಾರತಮ್ಯದ ಆರೋಪವನ್ನು ಒಪ್ಪಲಿಲ್ಲ. ಈಗ ಅದೇ ಕಂಪನಿಯ ಕಾರ್ಖಾನೆ ನಮ್ಮ ದೇವನಹಳ್ಳಿ–ದೊಡ್ಡಬಳ್ಳಾಪುರ ಭಾಗಕ್ಕೂ ಬಂದಿದೆ, ಅಲ್ಲಿ ಕೆಲಸ ಮಾಡುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಕಾಲುಂಗುರವನ್ನು ಲಾಕರಿನಲ್ಲಿಟ್ಟು ಬಾ ಅನ್ನಲಿ, ನಾನು ಒಪ್ತೀನಿ. ಕಾಲುಂಗುರ ಇರೋಳಿಗೆ ಕೆಲಸವೇ ಇಲ್ಲ ಅಂದರೆ ಅದು ಯಾವ ಯಂತ್ರ ಹೇಳಿದ ಮಾತು? ಇಲ್ಲಿ ಅಂಥದ್ದು ನಡೆಯದ ಹಾಗೆ ಕಾರ್ಮಿಕ ಇಲಾಖೆ ಈಗಲೇ ಕಣ್ಣಿಡಬೇಕು, ದೂರು ಬಂದ ಮೇಲಲ್ಲ.

ದೇವನಹಳ್ಳಿ ಹತ್ತಿರವೇ ಬೋಯಿಂಗ್ ಕ್ಯಾಂಪಸ್ ಇದೆ, 43 ಎಕರೆ. 2024ರ ಜನವರಿಯಲ್ಲಿ ಪ್ರಧಾನಿ ಉದ್ಘಾಟನೆ ಮಾಡಿದರು, ಅದೇ ವೇದಿಕೆಯಲ್ಲಿ ಹೆಣ್ಣುಮಕ್ಕಳನ್ನು ವಿಮಾನ ಕ್ಷೇತ್ರಕ್ಕೆ ತರೋದಕ್ಕೆ ‘ಸುಕನ್ಯಾ’ ಅನ್ನೋ ಕಾರ್ಯಕ್ರಮವೂ ಶುರುವಾಯಿತು. ಒಳ್ಳೇದು. ಬಾಗಿಲು ತೆರೆದಿದೆ. ಒಳಗೆ ಹೋದ ಹುಡುಗಿಗೆ ಕೊಡೋದು ಕೀಬೋರ್ಡಾ, ಬರೋ ಅತಿಥಿಗೆ ಕೊಡುವ ಹೂಗುಚ್ಛವಾ ಅನ್ನೋದನ್ನ ಯಾವ ಕಂಪನಿಯಾದರೂ ತಾನೇ ನೋಡಿಕೊಳ್ಳಬೇಕು.

ಹುಡುಗಿ ಪತ್ರದ ಕೊನೆಯಲ್ಲಿ ಕೇಳಿದ್ದಾಳೆ: ‘ಮೇಡಂ, ಮುಂದಿನ ತಿಂಗಳು ಕ್ಯಾಂಪಸ್ ಇಂಟರ್‌ವ್ಯೂ. ಹೂ ಮುಡ್ಕೊಂಡು ಹೋಗ್ಲಾ, ಬೇಡ್ವಾ? ಹಿಂಗೇ ಹೋದ್ರೆ ಟೆಸ್ಟಿಂಗ್‌ಗೋ ಎಚ್‌ಆರ್‌ಗೋ ಹಾಕ್ತಾರೆ ಅಂತ ಸೀನಿಯರ್ಸ್ ಹೇಳ್ತಾರೆ.’

ಹೂವಿನ ವಿಷಯ ನಾನು ಹೇಳಲ್ಲ ಕಣಮ್ಮ, ಅದು ನಿನಗೂ ನಿಮ್ಮಮ್ಮನಿಗೂ ಬಿಟ್ಟದ್ದು. ನಾನು ಹೇಳೋದು ಇಷ್ಟೇ. ಕೊನೇ ವರ್ಷದ ಪ್ರಾಜೆಕ್ಟಿನಲ್ಲಿ ಪಿಪಿಟಿ ಕೆಲಸ ಸರದಿ ಮೇಲೆ ಎಲ್ಲರೂ ಮಾಡಲಿ ಅನ್ನು. ನೀನು ಬರೆದ ಕೋಡ್ ನಿನ್ನ ಹೆಸರಲ್ಲೇ ಇರಲಿ, ಯಾವ ಭಾಗ ಯಾರು ಬರೆದರು ಅಂತ ರಿಪೋರ್ಟಿನಲ್ಲಿ ಹಾಕಿಸು. ಇಂಟರ್‌ವ್ಯೂನಲ್ಲಿ ‘ಟೆಸ್ಟಿಂಗ್ ಮಾಡ್ತೀಯಾ’ ಅಂದರೆ, ಇಷ್ಟ ಇದ್ದರೆ ಹೂಂ ಅನ್ನು, ಇಲ್ಲದಿದ್ದರೆ ‘ಸರ್, ನನ್ನ ಕೋಡ್ ನೋಡಿ ಹೇಳಿ’ ಅನ್ನು. ಮತ್ತೆ, ಕಾಲೇಜುಗಳಲ್ಲಿ ಪ್ರಾಜೆಕ್ಟ್ ಗೈಡ್ ಆಗಿರುವ ಮೇಷ್ಟ್ರುಗಳೇ, ಮೇಡಂಗಳೇ, ಈ ಕಾರ್ಯಕ್ರಮ ನೋಡ್ತಿದ್ದರೆ ಒಂದು ಉಪಕಾರ ಮಾಡಿ. ಈ ಸಲದ ವೈವಾದಲ್ಲಿ ತಂಡದ ಒಬ್ಬೊಬ್ಬರನ್ನೂ ಕರೆದು, ‘ಇದರಲ್ಲಿ ನೀನು ಬರೆದ ಸಾಲು ಯಾವುದು, ತೋರಿಸು’ ಅಂತ ಕೇಳಿ.