ಬಂದೂಕು ಇಳಿಸಿ ಹಗ್ಗ ಹಿಡಿದವರು

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಮಾಜಿ ಸೈನಿಕರ ಮತ್ತು ಅವರ ಕುಟುಂಬದವರ ಕೂಟದಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಈ ಧರ್ಮಕೇಂದ್ರದಿಂದ ಸೈನ್ಯಕ್ಕೆ ಸೇರಿದವರ ಹೆಸರುಗಳನ್ನು ಈಗತಾನೆ ಓದಲಾಯಿತು. ತಾವೆಲ್ಲರೂ ಎದ್ದುನಿಂತು ಗೌರವ ಸಲ್ಲಿಸಿದಿರಿ. ಇದು ಯೋಗ್ಯವಾದದ್ದೇ. ಆದರೆ ಸೈನ್ಯಕ್ಕೆ ಹೊರಟವನಿಗೆ ನಾವು ತೋರಿಸುವ ಆದರದಲ್ಲಿ ಕಾಲು ಭಾಗವನ್ನಾದರೂ ಸೈನ್ಯದಿಂದ ಹಿಂದಿರುಗಿದವನಿಗೆ ತೋರಿಸುತ್ತೇವೆಯೆ? ಹೊರಟ ದಿನ ಹಾರ, ಬ್ಯಾಂಡು, ವಿಶೇಷ ಬಲಿಪೂಜೆ. ಹಿಂದಿರುಗಿದ ಒಂದು ತಿಂಗಳಿಗೆ, "ಇನ್ನೇನು ಮಾಡುತ್ತೀಯಪ್ಪಾ?" ಎಂಬ ಪ್ರಶ್ನೆ. ಈ ಪ್ರಶ್ನೆಯ ಬಗ್ಗೆಯೇ ಇಂದು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಕಳೆದ ವರ್ಷ ನಮ್ಮ ಸಭಿಕರಲ್ಲೊಬ್ಬ ಹಿರಿಯರು ನನ್ನ ಬಳಿ ಬಂದರು. ಅವರ ಮಗ ಹದಿನೇಳು ವರ್ಷ ಸೇವೆ ಸಲ್ಲಿಸಿ, ಹವಾಲ್ದಾರನಾಗಿ ನಿವೃತ್ತನಾಗಿದ್ದ. ಬೆಂಗಳೂರಿನಲ್ಲಿ ಕಾವಲುಗಾರನ ಕೆಲಸ ಸಿಕ್ಕಿದ್ದರೂ ಒಲ್ಲೆನೆಂದು ಹೇಳಿ, ಹಗ್ಗ, ಸೊಂಟಪಟ್ಟಿ, ಗರಗಸಗಳನ್ನು ಕೊಂಡು ತೋಟತೋಟಗಳಲ್ಲಿ ಮರಗಸಿಯ ಕೆಲಸಕ್ಕೆ ತೊಡಗಿದ್ದ. "ಸ್ವಾಮಿ, ದೇಶದ ಗಡಿ ಕಾದವನು ಈಗ ಕಂಡವರ ತೋಟದಲ್ಲಿ ಮರ ಹತ್ತಬೇಕೆ? ತಾವಾದರೂ ಬುದ್ಧಿ ಹೇಳಿ" ಎಂದರು ತಂದೆ. ಮಗನಿಗೆ ನಾನು ಬುದ್ಧಿ ಹೇಳಲಿಲ್ಲ. ಏಕೆ ಹೇಳಲಿಲ್ಲವೆಂಬುದನ್ನು ತಂದೆಯೊಬ್ಬರಿಗೇ ಅಲ್ಲ, ತಮ್ಮೆಲ್ಲರಿಗೂ ತಿಳಿಸಬೇಕಾಗಿದೆ.

ಮೊದಲಿಗೆ ಸೈನಿಕನ ವಯಸ್ಸನ್ನು ನೋಡಿರಿ. ಸಿಪಾಯಿಗೆ ಪಿಂಚಣಿ ದೊರೆಯಲು ಹದಿನೈದು ವರ್ಷಗಳ ಸೇವೆ ಸಾಕು. ಹತ್ತೊಂಬತ್ತಕ್ಕೆ ಸೇರಿದವನು ಮೂವತ್ತೈದು, ನಲವತ್ತಕ್ಕೆ ಮನೆಗೆ ಬರುತ್ತಾನೆ. ಬೇರೆ ನೌಕರಿಗಳಲ್ಲಿರುವವರು ಬಡ್ತಿಗಾಗಿ ಕಾಯುವ ವಯಸ್ಸಿಗೆ ಇವನು 'ನಿವೃತ್ತ'. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಂತೆ ಸೇರಿದವರ ಸ್ಥಿತಿ ಇನ್ನೂ ಭಿನ್ನ. ಅವರದು ನಾಲ್ಕೇ ವರ್ಷಗಳ ಸೇವೆ; ಅನಂತರ ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ ಸೈನ್ಯದಲ್ಲಿ ಮುಂದುವರಿಯಬಹುದು. ಉಳಿದವರು ಒಂದು ಇಡಿಗಂಟು ಹಣದೊಂದಿಗೆ, ಪಿಂಚಣಿಯಿಲ್ಲದೆ, ಇಪ್ಪತ್ತೈದರ ಆಸುಪಾಸಿನಲ್ಲೇ ಊರಿಗೆ ಮರಳುತ್ತಾರೆ. ಇವರೆಲ್ಲರೂ ಬ್ಯಾಂಕಿನ ಬಾಗಿಲಲ್ಲಿ ನಿಲ್ಲತಕ್ಕವರೆ? ಕಾವಲು ಕೆಲಸ ಹೀನವೆಂದು ನಾನು ಹೇಳುತ್ತಿಲ್ಲ. ಆದರೆ ಕಲಿತ ಶಿಸ್ತನ್ನೆಲ್ಲ ಒಂದು ಕುರ್ಚಿಯ ಮೇಲೆ ಕೂರಿಸಿಡುವುದು ನಷ್ಟವೆಂದು ಮಾತ್ರ ಹೇಳುತ್ತೇನೆ.

ಯುದ್ಧದಿಂದ ಮರಗಳ ಕಡೆಗೆ ನಡೆದವರು ಹಿಂದೆಯೂ ಇದ್ದರು. ಅವರಲ್ಲಿ ನನಗೆ ಬಹಳ ಮೆಚ್ಚಿನವರು ರಿಚರ್ಡ್ ಸೇಂಟ್ ಬಾರ್ಬ್ ಬೇಕರ್ ಎಂಬ ಇಂಗ್ಲೆಂಡಿನವರು. 1889ರಲ್ಲಿ ಹುಟ್ಟಿದ ಇವರು ಯೌವನದಲ್ಲಿ ಕೆನಡಾಕ್ಕೆ ಹೋಗಿ, ಅಲ್ಲಿ ಓದುವುದರ ಜೊತೆಗೆ ಮರ ಕಡಿಯುವವರ ಶಿಬಿರದಲ್ಲಿ ಕೊಡಲಿ ಹಿಡಿದು ದುಡಿದರು. ಕಾಡು ವ್ಯರ್ಥವಾಗಿ ಹಾಳಾಗುವುದನ್ನು ಕಣ್ಣಾರೆ ಕಂಡದ್ದು ಅಲ್ಲಿಯೇ. ಪಾದ್ರಿಯಾಗುವ ಉದ್ದೇಶದಿಂದ ದೇವತಾಶಾಸ್ತ್ರವನ್ನೂ ಓದುತ್ತಿದ್ದರು. (ನಮ್ಮ ಧರ್ಮಸಭೆಯವರಲ್ಲ, ಆದರೂ ಗುರುಮಠದ ಬೆಂಚಿನ ಗಡಸು ಅವರಿಗೂ ತಿಳಿದಿತ್ತೆಂದು ನನಗೆ ಅವರ ಮೇಲೆ ಸ್ವಲ್ಪ ಪಕ್ಷಪಾತ!) ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂತು. ಫಿರಂಗಿ ದಳದಲ್ಲಿ ಅಧಿಕಾರಿಯಾಗಿ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡು, 1918ರಲ್ಲಿ ಸೈನ್ಯದಿಂದ ಬಿಡುಗಡೆ ಹೊಂದಿದರು.

ಆ ಯುದ್ಧದಲ್ಲಿ ಫ್ರಾನ್ಸಿನ ಎಷ್ಟೋ ಕಾಡುಗಳು ಗುಂಡಿನ ಮಳೆಗೆ ಬರಿಯ ಮೋಟುಗಳಾಗಿ ನಿಂತಿದ್ದವು. ಅಂಥ ರಣಭೂಮಿಯಿಂದ ಬಂದ ಬೇಕರ್ ಕೇಂಬ್ರಿಜ್‌ನಲ್ಲಿ ಅರಣ್ಯಶಾಸ್ತ್ರ ಕಲಿತರು. 1920ರಲ್ಲಿ ಅರಣ್ಯ ಇಲಾಖೆಯ ಅಧಿಕಾರಿಯಾಗಿ ಪೂರ್ವ ಆಫ್ರಿಕದ ಕೀನ್ಯಾಕ್ಕೆ ಹೋದರು. ಅಲ್ಲಿ ಗುಡ್ಡಗಳು ಬೋಳಾಗುತ್ತಿದ್ದವು. ಸಸಿ ನೆಡಲು ಸರಕಾರದ ಬಳಿ ಹಣವಿರಲಿಲ್ಲ. ಕಿಕುಯು ಜನಾಂಗದ ಹಿರಿಯರೊಂದಿಗೆ ಕುಳಿತು ಮಾತನಾಡಿದರು. ಆ ಜನರಲ್ಲಿ ಬಿತ್ತನೆಗೆ ಒಂದು ಕುಣಿತ, ಕೊಯ್ಲಿಗೆ ಒಂದು ಕುಣಿತ ಇತ್ತು. ಮರಕ್ಕೂ ಒಂದು ಕುಣಿತವೇಕಿರಬಾರದು ಎಂದು ಕೇಳಿದರು. 1922ರಲ್ಲಿ ಆ ಕುಣಿತ ನಡೆಯಿತು. ಜೋಸಯ್ಯಾ ಎನ್ಜೊಂಜೊ ಎಂಬ ಮುಖಂಡರು ಬೆಂಬಲವಾಗಿ ನಿಂತರು. ಭರ್ಜಿ ಹಿಡಿಯುವ ತರುಣ ಯೋಧರು ಮುಂದೆ ಬಂದು, ಸಸಿ ನೆಡುವುದಾಗಿಯೂ ಮರಗಳನ್ನು ಕಾಪಾಡುವುದಾಗಿಯೂ ಮಾತು ಕೊಟ್ಟರು. 'ಮರಗಳ ಮಂದಿ' ಎಂದು ಹೆಸರಾದ ಸಂಘ ಹುಟ್ಟಿದ್ದು ಹೀಗೆ. ಗಮನಿಸಿರಿ, ಬೇಕರ್ ಅವರು ಕರೆದದ್ದು ಯೋಧರನ್ನೇ. ಕಾಪಾಡುವುದು ಯೋಧನ ಕೆಲಸವೆಂಬುದು ಆ ಹಿರಿಯರಿಗೂ ಅವರಿಗೂ ಸಹಜವಾಗಿಯೇ ತೋರಿತು.

ಮೇಲಧಿಕಾರಿಯೊಬ್ಬ ಆಫ್ರಿಕದ ಕೂಲಿಯಾಳಿನ ಮೇಲೆ ಎತ್ತಿದ ಏಟಿಗೆ ಇವರು ತಮ್ಮ ಮೈಯನ್ನು ಅಡ್ಡ ಕೊಟ್ಟರೆಂದೂ, ಅದರಿಂದ ಅವರ ನೌಕರಿಗೆ ಸಂಚಕಾರ ಬಂತೆಂದೂ ಅವರ ಜೀವನವನ್ನು ಬರೆದವರು ಹೇಳುತ್ತಾರೆ. ಬಳಿಕ ದೇಶದೇಶಗಳನ್ನು ಸುತ್ತಿ, ಮರಗಳ ಸಲುವಾಗಿಯೇ ಬಾಳಿ, 1982ರ ಜೂನಿನಲ್ಲಿ, ತೊಂಬತ್ತೆರಡರ ವಯಸ್ಸಿನಲ್ಲಿ ಕೆನಡಾದಲ್ಲೇ ತೀರಿಕೊಂಡರು.

ಅದೇ 1982ರ ಡಿಸೆಂಬರ್ 1ರಂದು ನಮ್ಮ ದೇಶದಲ್ಲಿ ಒಂದು ಹೊಸ ಬಗೆಯ ಪಡೆ ಹುಟ್ಟಿತು. ಪ್ರಾದೇಶಿಕ ಸೇನೆಯ 127ನೆಯ ಪದಾತಿ ದಳ. ಗಢವಾಲ್ ರೈಫಲ್ಸ್‌ಗೆ ಸೇರಿದ ಪರಿಸರ ಪಡೆ. ಇದರ ಜವಾನರು ನಿವೃತ್ತ ಸೈನಿಕರು. ಇವರ ಕೈಗೆ ಕೊಟ್ಟದ್ದು ಗುದ್ದಲಿ, ಹಾರೆ, ಸಸಿ. ಮಸ್ಸೂರಿಯ ಬೆಟ್ಟಗಳನ್ನು ಸುಣ್ಣಕಲ್ಲಿಗಾಗಿ ಅಗೆದಗೆದು ಬಿಳಿಯ ಗಾಯಗಳನ್ನು ಮಾಡಿದ್ದರು. ಮಳೆ ಬಂದರೆ ಕಲ್ಲುಮಣ್ಣು ಹೊಲಗಳಿಗೂ ಹಳ್ಳಗಳಿಗೂ ಇಳಿಯುತ್ತಿತ್ತು. 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಲಿನ ಅನೇಕ ಗಣಿಗಳನ್ನು ಮುಚ್ಚಿಸಿತು. ಆದರೆ ನ್ಯಾಯಾಲಯದ ಆಜ್ಞೆಯಿಂದ ಹುಲ್ಲು ಹುಟ್ಟುವುದಿಲ್ಲ. ಮಣ್ಣು ಜಾರದಂತೆ ಕಲ್ಲಿನ ಅಡ್ಡಗಟ್ಟೆ ಕಟ್ಟಿ, ದನ ನುಗ್ಗದಂತೆ ಬೇಲಿ ಹಾಕಿ, ಕಲ್ಲಿನ ನಡುವೆ ಗುಂಡಿ ತೋಡಿ ಸಸಿಯಿಟ್ಟವರು ಈ ಮಾಜಿ ಸೈನಿಕರು. 1983ರಲ್ಲಿ ರಾಜಸ್ಥಾನದ ಮರಳುಗಾಡಿನಲ್ಲಿ, ಕಾಲುವೆಯ ಪ್ರದೇಶಕ್ಕಾಗಿ ಇಂಥದೇ ಇನ್ನೊಂದು ಪಡೆ ಎದ್ದಿತು. ಮುಂದೆ ಬೇರೆ ರಾಜ್ಯಗಳಲ್ಲೂ ಬಂದವು. ಇದಕ್ಕೆ ಹಣ ಕೊಡುವವರು ಒಬ್ಬರು, ಆಳುಗಳನ್ನು ನಡೆಸುವವರು ಸೇನೆಯವರು. ತನ್ನ ಊರಿನ ಗುಡ್ಡವನ್ನೇ ತಾನು ಹಸಿರು ಮಾಡುವ ಅವಕಾಶ ಸೈನಿಕನಿಗೆ ಸಿಕ್ಕಿತು.

ಆದರೆ ಆ ಪಡೆಯವರಿಗೆ ಸಮವಸ್ತ್ರವಿದೆ, ಅದರ ಮರ್ಯಾದೆ ಇದೆ. ನಮ್ಮ ಹವಾಲ್ದಾರನಿಗೆ ಇರುವುದು ಹಳೆಯ ಷರಟು ಮತ್ತು ಇರುವೆ ಕಡಿತ. ನಿಜವಾದ ಪರೀಕ್ಷೆ ಇಲ್ಲಿಯೇ ಇದೆ.

ನಮ್ಮ ಕಾಫಿ ನೆರಳಿನ ಬೆಳೆ. ಹಾಲುವಾಣ, ಸಿಲ್ವರ್ ಓಕ್, ಅತ್ತಿ, ಹಲಸು ಮುಂತಾದ ಮರಗಳ ಕೆಳಗೆ ಅದು ಬದುಕುತ್ತದೆ. ನೆರಳು ಹೆಚ್ಚಾದರೆ ಗಿಡಕ್ಕೆ ರೋಗ, ಹೂವು ಕಡಿಮೆ; ನೆರಳು ತಪ್ಪಿದರೆ ಬಿಸಿಲಿಗೆ ಗಿಡ ಸೊರಗುತ್ತದೆ. ಯಾವ ಕೊಂಬೆ ಇರಬೇಕು, ಯಾವುದು ಹೋಗಬೇಕು ಎಂದು ಮರದ ಮೇಲೆ ಕುಳಿತು ತೀರ್ಮಾನಿಸುವವನೇ ತೋಟದ ಬೆಳೆಯನ್ನು ಅರ್ಧ ತೀರ್ಮಾನಿಸಿದಂತೆ. ಇದನ್ನು ನಾವು 'ಮರ ಹತ್ತುವ ಕೂಲಿ' ಎಂದು ಕರೆದುಬಿಟ್ಟಿದ್ದೇವೆ.

ಕೊಂಬೆ ಕಡಿಯುವುದರಲ್ಲಿ ಎಷ್ಟು ವಿದ್ಯೆಯಿದೆಯೆಂಬುದನ್ನು ಜಗತ್ತಿಗೆ ತೋರಿಸಿದವರೂ ಸೈನ್ಯದಲ್ಲಿದ್ದು ಬಂದವರೇ. ಅಮೆರಿಕದ ಅಲೆಕ್ಸ್ ಶೈಗೊ ಕೊರಿಯಾ ಯುದ್ಧದ ಕಾಲದಲ್ಲಿ ವಾಯುಸೇನೆಯಲ್ಲಿದ್ದರು. ಅಲ್ಲಿ ಅವರು ಊದುತ್ತಿದ್ದುದು ಕ್ಲಾರಿನೆಟ್ ವಾದ್ಯ! ಹೊರಬಂದು ಓದಿ, 1959ರಲ್ಲಿ ಅಲ್ಲಿಯ ಅರಣ್ಯ ಸೇವೆಗೆ ಸೇರಿದರು. ಸಾವಿರಾರು ಮರಗಳನ್ನು ಗರಗಸದಿಂದ ಉದ್ದುದ್ದ ಸೀಳಿ ಒಳಗನ್ನು ಪರೀಕ್ಷಿಸಿದರು. ಅವರು ಕಂಡದ್ದು ಇದು: ನಮ್ಮ ಮೈಯ ಗಾಯ ಮಾಯುವಂತೆ ಮರದ ಗಾಯ ಮಾಯುವುದಿಲ್ಲ, ಮರವು ಆ ಗಾಯದ ಸುತ್ತ ಒಳಗಿಂದೊಳಗೇ ಗೋಡೆ ಕಟ್ಟಿ, ಕೊಳೆತವು ಮುಂದೆ ಹರಡದಂತೆ ತಡೆಯುತ್ತದೆ. ಕೊಂಬೆ ಬೊಡ್ಡೆಗೆ ಸೇರುವಲ್ಲಿ ಉಬ್ಬಿದ ಕೊರಳಿನಂಥ ಭಾಗವಿರುತ್ತದೆಯಷ್ಟೆ? ಆ ತಡೆ ಇರುವುದು ಅಲ್ಲಿಯೇ. ಚಂದ ಕಾಣಲೆಂದು ಬೊಡ್ಡೆಗೆ ಸಮನಾಗಿ ಕಡಿದರೆ ಆ ಕೊರಳೂ ಹೋಗುತ್ತದೆ. ಮೋಟು ಉದ್ದ ಬಿಟ್ಟರೆ ಅದು ಕೊಳೆತು ಒಳಗಿಳಿಯುತ್ತದೆ. ದೊಡ್ಡ ಕೊಂಬೆಯನ್ನು ಮೂರು ಹಂತದಲ್ಲಿ ತೆಗೆಯಬೇಕು. ಬೊಡ್ಡೆಯಿಂದ ಸ್ವಲ್ಪ ದೂರದಲ್ಲಿ ಮೊದಲು ಕೆಳಗಿನಿಂದ ಒಂದು ಕೊಯ್ತ. ಅದಕ್ಕಿಂತ ಆಚೆ ಮೇಲಿನಿಂದ ಎರಡನೆಯದು, ಆಗ ಭಾರ ಕಳಚಿ ಬೀಳುತ್ತದೆ. ಉಳಿದ ಮೋಟನ್ನು ಕೊರಳಿನ ಹೊರಗೆ ಮೂರನೆಯ ಸಲ. ಮೊದಲ ಕೊಯ್ತ ತಪ್ಪಿಸಿದರೆ ಬೀಳುವ ಕೊಂಬೆ ತೊಗಟೆಯನ್ನು ಬುಡದವರೆಗೂ ಸುಲಿದುಕೊಂಡೇ ಹೋಗುತ್ತದೆ. ಕಡಿದ ಜಾಗಕ್ಕೆ ಟಾರು ಬಳಿಯುವ ಹಳೆಯ ಪದ್ಧತಿಯಿಂದಲೂ ಕೊಳೆತ ನಿಲ್ಲದೆಂದು ಅವರು ತೋರಿಸಿದರು.

ಸೈನಿಕನು ಈ ಕೆಲಸಕ್ಕೆ ತರುವ ಬಂಡವಾಳ ದೊಡ್ಡದು. ಹತ್ತುವ ಮುನ್ನ ಹಗ್ಗವನ್ನು ಮೊಳಮೊಳವಾಗಿ ನೋಡುವುದು, ಗಂಟನ್ನು ಎರಡು ಸಲ ಎಳೆದು ನೋಡುವುದು, ಕೆಳಗೆ ನಿಂತ ಸಂಗಡಿಗನ ಕೂಗಿಗೆ ತಟ್ಟನೆ ನಿಲ್ಲುವುದು, ಇವು ಅವನಿಗೆ ಕಲಿತ ಪಾಠ. ಆದರೆ ಬಿಟ್ಟುಬರಬೇಕಾದದ್ದೂ ಇದೆ. ಮರಕ್ಕೆ ಹುಕುಂ ನಡೆಯುವುದಿಲ್ಲ. ಧೈರ್ಯ ಹೆಚ್ಚಾದವನು ಒಣಕೊಂಬೆಯ ಮೇಲೆ ಕಾಲಿಡುತ್ತಾನೆ. ಕ್ಯಾಂಟೀನಿನ ಬಾಟಲಿಯ ವಿಷಯವನ್ನೂ ಹೇಳಿಬಿಡುತ್ತೇನೆ, ಯಾರೂ ಬೇಸರಿಸಬಾರದು: ಹಿಂದಿನ ರಾತ್ರಿಯದು ಇಳಿಯದೆ ಮರ ಹತ್ತತಕ್ಕದ್ದಲ್ಲ.

ಸೈನಿಕರ ಪಾಲಕರಾದ ಸಂತ ಮಾರ್ಟಿನರ ಕಥೆಯನ್ನು ತಾವು ಬಲ್ಲಿರಿ. ರೋಮನ್ ಸೈನ್ಯವನ್ನು ಬಿಟ್ಟು ಬಂದು, ಸನ್ಯಾಸಿಯಾಗಿ, ಮುಂದೆ ಟೂರ್ಸ್ ನಗರದ ಧರ್ಮಾಧ್ಯಕ್ಷರಾದವರು. ಅವರ ಜೀವನಚರಿತ್ರೆ ಬರೆದ ಸುಲ್ಪೀಶಿಯಸ್ ಸೆವೆರಸ್ ಒಂದು ಮರದ ಪ್ರಸಂಗವನ್ನೂ ಹೇಳುತ್ತಾರೆ. ಹಳ್ಳಿಗರು ತಾವು ಪೂಜಿಸುತ್ತಿದ್ದ ಪೈನ್ ಮರವನ್ನು ತಾವೇ ಕಡಿಯುವುದಾಗಿಯೂ, ಅದು ವಾಲಿದ ಕಡೆಯಲ್ಲೇ ಮಾರ್ಟಿನರು ನಿಲ್ಲಬೇಕೆಂದೂ ಹೇಳಿದರು. ಬೀಳುತ್ತಿದ್ದ ಮರದೆದುರು ಸಂತರು ಶಿಲುಬೆಯ ಗುರುತು ಮಾಡಲು, ಅದು ಇನ್ನೊಂದು ಕಡೆಗೆ ತಿರುಗಿ ಬಿತ್ತಂತೆ. ಇದು ಸಂತರಿಗೆ ಸಂದ ವರ. ನಾವು ಶಿಲುಬೆಯ ಗುರುತೂ ಮಾಡೋಣ, ಮರ ಬೀಳುವ ದಿಕ್ಕಿನಿಂದ ದೂರವೂ ನಿಲ್ಲೋಣ.

ಇನ್ನು ತೋಟದ ಯಜಮಾನರಿಗೆ ಒಂದು ಮಾತು. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗಲಿ ಕೆಲಸದವರು ಸತ್ತ ಸುದ್ದಿಯನ್ನು ಕಾಫಿ ಸೀಮೆಯ ನಾವು ಎಷ್ಟು ಸಲ ಓದಿಲ್ಲ? ಮೆಣಸು ಕೊಯ್ಯಲು, ಕೊಂಬೆ ಕಡಿಯಲು ಅದೇ ಏಣಿ. ಅದು ಹಗುರವೆಂದು ಕೊಳ್ಳುತ್ತೇವೆ. ಹಸಿ ಕೈಯಲ್ಲಿ ಅದು ತಂತಿಯ ಸಮಾನವೆಂಬುದನ್ನು ಮರೆಯುತ್ತೇವೆ. ತಂತಿಯ ಬಳಿಯ ಮರಕ್ಕೆ ಆಳನ್ನು ಹತ್ತಿಸುವ ಮೊದಲು ವಿದ್ಯುತ್ ಕಚೇರಿಗೆ ತಿಳಿಸಿ, ಲೈನು ನಿಲ್ಲಿಸಿದ್ದು ಖಚಿತವಾದ ಮೇಲೆಯೇ ಕೆಲಸ ಆರಂಭಿಸಬೇಕು. ಬುಡಸಹಿತ ಕಡಿಯುವುದಾದರೆ, ಕೆಲವು ಜಾತಿಗಳನ್ನು ಬಿಟ್ಟು ಉಳಿದವಕ್ಕೆ 1976ರ ಮರ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಬೇಕು. ಅದನ್ನು ತರುವುದು ಯಜಮಾನರ ಹೊಣೆ, ಹತ್ತುವವನದಲ್ಲ. ಮತ್ತು ಕೂಲಿಯನ್ನು ಮರಗಳ ಲೆಕ್ಕದಲ್ಲಿ ಮಾತನಾಡಿ ಅವಸರಪಡಿಸಬೇಡಿ. ಬೇಕರ್ ಅವರು ಮೈಯೊಡ್ಡಿದ ಏಟು ಬೇರೆ ರೂಪದಲ್ಲಿ ನಮ್ಮ ತೋಟಗಳಲ್ಲೂ ಬೀಳುತ್ತಿರಬಹುದು.

ಮಗನ ಕೆಲಸಕ್ಕೆ ನಾಚಿದ ಆ ಹಿರಿಯರಿಗೆ ಒಂದು ನೆನಪು ಮಾಡಿಕೊಡುತ್ತೇನೆ. ಹನ್ನೆರಡನೆಯ ಪಯಸ್ ಪೋಪರು 1955ರಲ್ಲಿ ಮೇ 1ನೆಯ ದಿನವನ್ನು ಶ್ರಮಿಕ ಸಂತ ಜೋಸೆಫರ ಹಬ್ಬವೆಂದು ಗೊತ್ತುಮಾಡಿದರು. ಆ ಸಂತರ ಕೈಗೂ ಮರದ ಸಿಬಿರು ಚುಚ್ಚಿತ್ತಲ್ಲವೆ?

ಸೈನ್ಯದಲ್ಲಿ ಈಗಲೂ ಇರುವ ನಮ್ಮ ಹುಡುಗರ ಮನೆಯವರು ಅವರಿಗೆ ಪತ್ರ ಬರೆಯುವಾಗ ಇದನ್ನು ತಿಳಿಸಿರಿ. ಸೇವೆ ಮುಗಿಯುವ ಮುನ್ನವೇ ಪುನರ್ವಸತಿ ತರಬೇತಿಗಳ ಬಗ್ಗೆ ತಮ್ಮ ದಳದಲ್ಲಿ ವಿಚಾರಿಸಲಿ. ಊರಿಗೆ ಬಂದವರು ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ಕೇಳಲಿ. ಮರದ ಕೆಲಸಕ್ಕೆ ಬರಲಿಚ್ಛಿಸುವವರು ಮೊದಲ ಒಂದು ವರ್ಷ ಅನುಭವಸ್ಥನೊಬ್ಬನ ಕೆಳಗೆ ನೆಲದ ಮೇಲೆಯೇ ನಿಂತು ಹಗ್ಗ ಹಿಡಿಯಲಿ.

ಬರುವ ಭಾನುವಾರ ಎರಡನೆಯ ಪೂಜೆಯ ನಂತರ, ಸಿಮಿತ್ರಿಯ ಗೋಡೆಯ ಮೇಲೆ ವಾಲಿರುವ ಹಲಸಿನ ಮರದ ಒಣಕೊಂಬೆಯನ್ನು ನಮ್ಮ ಹವಾಲ್ದಾರನು ಇಳಿಸಲಿದ್ದಾನೆ. ಆ ಕಡೆ ತಂತಿಯಿಲ್ಲ, ನೋಡಿಸಿದ್ದೇನೆ. ಕಲಿಯಬಯಸುವ ತರುಣರು ಬರಬಹುದು. ಮಕ್ಕಳನ್ನು ದೇವಾಲಯದ ಮೆಟ್ಟಿಲಿನಿಂದ ಕೆಳಗೆ ಬಿಡಬೇಡಿ. ಕೂಲಿಯನ್ನು ದೇವಾಲಯದ ನಿಧಿಯಿಂದಲೇ ಕೊಡಲಾಗುವುದು.