ಲ್ಯಾಪ್‌ಟಾಪಿನಿಂದ ಟಿವಿಗೆ, ತಂತಿಯಿಲ್ಲದೆ: ಕನ್ನಡಿ ಹಿಡಿಯೋದಾ, ವಿಳಾಸ ಕೊಡೋದಾ?

(ವಿಡಿಯೋದಲ್ಲಿ ಆಡಿದ ಮಾತುಗಳ ಬರಹ ರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದೆ.)

ಇವತ್ತಿನ ವಿಷಯ ಚಿಕ್ಕದು ಅನ್ನಿಸಬಹುದು. ಮನೆಯ ಲ್ಯಾಪ್‌ಟಾಪನ್ನ ಟಿವಿಗೆ ತಂತಿ ಇಲ್ಲದೆ ಜೋಡಿಸೋದು ಹೇಗೆ? ನಾಸಿಕ್‌ನಲ್ಲಿ, ಛತ್ರಪತಿ ಸಂಭಾಜಿನಗರದಲ್ಲಿ ಐಟಿ ಕೆಲಸಕ್ಕೆ ಬಂದು ನೆಲೆಸಿರೋ ನಮ್ಮವರನ್ನ ಮನಸ್ಸಲ್ಲಿಟ್ಟುಕೊಂಡು ಹೇಳ್ತಾ ಇದೀನಿ. ಬೇರೆ ಊರಲ್ಲಿರೋರಿಗೂ ಹೆಚ್ಚಿನದೆಲ್ಲ ಅನ್ವಯಿಸುತ್ತೆ.

ಮೊದಲನೇ ಪ್ರಶ್ನೆ, ಇದು ಯಾಕೆ ಬೇಕು? ಸಂಭಾಜಿನಗರ ಜಿಲ್ಲೆಯಲ್ಲಿ ಕನ್ನಡ ಅನ್ನೋ ಹೆಸರಿನ ಊರೇ ಇದೆ, ತಾಲ್ಲೂಕು ಕೇಂದ್ರ. ಬಸ್ಸಿನ ಬೋರ್ಡಿನ ಮೇಲೆ ದೇವನಾಗರಿಯಲ್ಲಿ ಆ ಹೆಸರು ಕಂಡಾಗ ನಮ್ಮವರು ಒಂದು ಕ್ಷಣ ನಿಂತು ನೋಡ್ತಾರೆ. ಅಲ್ಲೇ ಹತ್ತಿರದ ಎಲ್ಲೋರಾದಲ್ಲಿ ಕೈಲಾಸ ದೇವಾಲಯವನ್ನ 8ನೇ ಶತಮಾನದಲ್ಲಿ ಕೆತ್ತಿಸಿದವನು ರಾಷ್ಟ್ರಕೂಟರ ಒಂದನೇ ಕೃಷ್ಣ. ಮುಂದೆ ಅದೇ ವಂಶದ ರಾಜಧಾನಿಯಾಗಿದ್ದು ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡ. ನಂಟು ಅಷ್ಟು ಹಳೇದು. ಆದ್ರೆ ಬೋರ್ಡು ನೋಡಿ, ಬಂಡೆ ನೋಡಿ ಮಕ್ಕಳಿಗೆ ಕನ್ನಡ ಬರಲ್ಲ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯ ಪ್ರಕಾರ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಇರೋ ಊರಿನ ಭಾಷೆ, ಕಲಿಯಲೇಬೇಕು, ಒಳ್ಳೇದೇ. ಶಾಲೆಯಲ್ಲಿ ಮರಾಠಿ, ಇಂಗ್ಲಿಷ್. ಆಟದ ಬಯಲಲ್ಲಿ ಹಿಂದಿ, ಮರಾಠಿ. ಕನ್ನಡಕ್ಕೆ ಉಳಿಯೋದು ಮನೆ ಒಂದೇ.

ಮನೆಯಲ್ಲಿ ಏನಾಗಿದೆ? ಅಪ್ಪನ ಕಿವಿಗೆ ಹೆಡ್‌ಫೋನ್, ಅಮ್ಮನ ಕೈಯಲ್ಲಿ ಒಂದು ಫೋನ್, ಮಗುವಿನ ಕೈಯಲ್ಲಿ ಇನ್ನೊಂದು. ಒಬ್ಬರು ಕನ್ನಡ ನೋಡ್ತಿದ್ರೂ ಪಕ್ಕದವರ ಕಿವಿಗೆ ಬೀಳಲ್ಲ. ಟಿವಿ ಹಾಗಲ್ಲ, ಅದು ಹಾಲ್‌ನಲ್ಲಿದೆ. ಬೇಕೋ ಬೇಡವೋ ಎಲ್ಲರ ಕಿವಿಗೂ ಬೀಳುತ್ತೆ. ಮಗು ಬ್ಲಾಕ್ಸ್ ಜೋಡಿಸ್ತಾ ಇದ್ರೂ ಕೇಳಿಸಿಕೊಳ್ತಿರುತ್ತೆ. ಅದಕ್ಕೇ ಈ ಜೋಡಣೆ ಬರೀ ಗ್ಯಾಜೆಟ್ ವಿಷಯ ಅಲ್ಲ ಅಂತ ನನ್ನ ಅನಿಸಿಕೆ.

ಸರಿ, ಕೆಲಸಕ್ಕೆ ಬರೋಣ. ತಂತಿ ಇಲ್ಲದೆ ಜೋಡಿಸೋಕೆ ಎರಡು ದಾರಿ. ಹೊರಗಿಂದ ಒಂದೇ ಥರ ಕಾಣುತ್ತೆ, ಒಳಗೆ ಪೂರ್ತಿ ಬೇರೆ. ಈ ವ್ಯತ್ಯಾಸ ತಿಳಿದ್ರೆ ಅರ್ಧ ತಲೆನೋವು ಕಮ್ಮಿ.

ಒಂದು, ಕನ್ನಡಿ ಹಿಡಿಯೋದು. ಸ್ಕ್ರೀನ್ ಮಿರರಿಂಗ್. ಲ್ಯಾಪ್‌ಟಾಪ್ ತನ್ನ ಪರದೆಯ ಮೇಲೆ ಕಾಣೋದನ್ನೆಲ್ಲ ಕ್ಷಣಕ್ಷಣಕ್ಕೂ ವಿಡಿಯೋ ಮಾಡಿ, ಕುಗ್ಗಿಸಿ, ಟಿವಿಗೆ ಕಳಿಸ್ತಾನೇ ಇರುತ್ತೆ. ದುಡಿಮೆಯೆಲ್ಲ ಲ್ಯಾಪ್‌ಟಾಪಿನದು. ಮುಚ್ಚಳ ಮುಚ್ಚಿದ್ರೆ ಆಟ ಮುಗೀತು.

ಎರಡು, ವಿಳಾಸ ಕೊಡೋದು. ಕಾಸ್ಟಿಂಗ್. ಲ್ಯಾಪ್‌ಟಾಪ್ ಟಿವಿಗೆ ಹೇಳೋದು ಇಷ್ಟೇ: 'ಈ ವಿಡಿಯೋ ಇಂಥ ಕಡೆ ಇದೆ, ನೀನೇ ತರಿಸ್ಕೋ.' ಟಿವಿ ನೇರವಾಗಿ ಇಂಟರ್ನೆಟ್‌ನಿಂದ ತರಿಸಿಕೊಳ್ಳುತ್ತೆ. ಆಮೇಲೆ ಲ್ಯಾಪ್‌ಟಾಪ್ ಬರೀ ರಿಮೋಟ್. ಪಕ್ಕದಲ್ಲಿ ಬೇರೆ ಕೆಲಸ ಮಾಡ್ಕೊಬಹುದು, ಟಿವಿಯಲ್ಲಿ ಓಡೋದು ಓಡ್ತಾ ಇರುತ್ತೆ.

ಇವತ್ತಿನ ಮಾತಿನ ಸಾರ ಒಂದೇ ಸಾಲು: ವಿಳಾಸ ಕೊಟ್ಟರೆ ಆಗೋ ಕೆಲಸಕ್ಕೆ ಕನ್ನಡಿ ಹಿಡೀಬೇಡಿ. ಯೂಟ್ಯೂಬ್ ಹಾಡು, ಸಿನಿಮಾ, ಚಂದನದ ಕಾರ್ಯಕ್ರಮ, ಯಕ್ಷಗಾನದ ನೇರಪ್ರಸಾರ, ಇವೆಲ್ಲ ವಿಳಾಸದ ಕೆಲಸ. ವಿಡಿಯೋ ಕಾಲ್, ಫೋಟೋ ಫೋಲ್ಡರ್, ವೆಬ್‌ಪುಟ, ಮಗುವಿಗೆ ತೋರಿಸೋ ಸ್ಲೈಡು, ಇವು ಕನ್ನಡಿಯ ಕೆಲಸ.

ಈಗ ಹೆಸರುಗಳ ಗೊಂದಲ. ಆ್ಯಪಲ್‌ನ ಏರ್‌ಪ್ಲೇ ಬಂದಿದ್ದು 2010ರಲ್ಲಿ. ವೈ-ಫೈ ಅಲಯನ್ಸ್‌ನವರ ಮಿರಾಕಾಸ್ಟ್ 2012ರಲ್ಲಿ. ಗೂಗಲ್‌ನ ಕ್ರೋಮ್‌ಕಾಸ್ಟ್ 2013ರಲ್ಲಿ. ಒಬ್ಬರದು ಇನ್ನೊಬ್ಬರಿಗೆ ಅರ್ಥ ಆಗಲ್ಲ. ಮೂರು ಭಾಷೆ ಅಂದ್ಕೊಳ್ಳಿ. ನಿಮ್ಮ ಲ್ಯಾಪ್‌ಟಾಪ್ ಯಾವ ಭಾಷೆ ಆಡುತ್ತೆ, ಟಿವಿಗೆ ಯಾವುದು ಅರ್ಥ ಆಗುತ್ತೆ, ಮೊದಲು ಅದನ್ನ ನೋಡಿ.

ವಿಂಡೋಸ್ ಲ್ಯಾಪ್‌ಟಾಪ್ ಮಿರಾಕಾಸ್ಟ್ ಆಡುತ್ತೆ. ವಿಂಡೋಸ್ ಕೀ ಜೊತೆ ಕೆ ಒತ್ತಿ, ಸುತ್ತ ಇರೋ ಟಿವಿಗಳ ಪಟ್ಟಿ ಬರುತ್ತೆ. ಟಿವಿ ಕಡೆ ಅದನ್ನ ಸ್ವೀಕರಿಸೋಕೆ ತಯಾರಾಗಿಡಬೇಕು. ಸ್ಯಾಮ್ಸಂಗ್‌ನಲ್ಲಿ ಸ್ಕ್ರೀನ್ ಮಿರರಿಂಗ್, ಎಲ್‌ಜಿಯಲ್ಲಿ ಸ್ಕ್ರೀನ್ ಶೇರ್ ಅಂತ ಇರುತ್ತೆ. ಹಲವು ಫೈರ್ ಟಿವಿ ಸ್ಟಿಕ್‌ಗಳಲ್ಲಿ ರಿಮೋಟಿನ ಹೋಮ್ ಗುಂಡಿ ಒತ್ತಿ ಹಿಡಿದ್ರೆ ಮಿರರಿಂಗ್ ಆಯ್ಕೆ ಸಿಗುತ್ತೆ. ಜೋಡಣೆ ಆದಮೇಲೆ ವಿಂಡೋಸ್ ಕೀ ಜೊತೆ ಪಿ ಒತ್ತಿದ್ರೆ ಎರಡೂ ಕಡೆ ಒಂದೇ ಚಿತ್ರ ಬೇಕಾ, ಟಿವಿ ಬೇರೆ ಪರದೆಯಾಗಿ ಬೇಕಾ ಅಂತ ಆರಿಸ್ಕೊಬಹುದು. ನನ್ನ ಸಲಹೆ ಎಕ್ಸ್‌ಟೆಂಡ್. ಆಗ ವಿಡಿಯೋ ಕಿಟಕಿ ಮಾತ್ರ ಟಿವಿಗೆ ಹೋಗುತ್ತೆ, ಮೇಲ್, ಚಾಟ್ ಎಲ್ಲ ನಿಮ್ಮ ಮಡಿಲಲ್ಲೇ ಇರುತ್ತೆ.

ಲ್ಯಾಪ್‌ಟಾಪ್ ಹಳೇದು, ಮಿರಾಕಾಸ್ಟ್ ಇದೆಯೋ ಇಲ್ಲವೋ ಅಂತ ಅನುಮಾನ ಇದ್ರೆ ರನ್ ಪೆಟ್ಟಿಗೆಯಲ್ಲಿ ಡಿ-ಎಕ್ಸ್-ಡಿ-ಐ-ಎ-ಜಿ ಅಂತ ಟೈಪ್ ಮಾಡಿ. ಬರೋ ಮಾಹಿತಿಯನ್ನ ಫೈಲ್ ಆಗಿ ಸೇವ್ ಮಾಡಿ, ಅದರಲ್ಲಿ ಮಿರಾಕಾಸ್ಟ್ ಅನ್ನೋ ಸಾಲು ಹುಡುಕಿ. ಅವೈಲಬಲ್ ಅಂತಿದ್ರೆ ಮುಂದುವರೀರಿ. ಇನ್ನೊಂದು ಒಳ್ಳೇ ಗುಣ, ಮಿರಾಕಾಸ್ಟ್‌ಗೆ ರೂಟರ್ ಬೇಕೇ ಬೇಕು ಅಂತಿಲ್ಲ. ವೈ-ಫೈ ಡೈರೆಕ್ಟ್ ಅನ್ನೋ ವಿಧಾನದಲ್ಲಿ ಲ್ಯಾಪ್‌ಟಾಪ್, ಟಿವಿ ಎರಡೇ ಮಾತಾಡ್ಕೊಳ್ತವೆ. ಹೊಸ ಬಾಡಿಗೆ ಮನೆಗೆ ಬ್ರಾಡ್‌ಬ್ಯಾಂಡ್ ಬರೋ ಮುಂಚೆಯೂ ಕೆಲಸ ಆಗುತ್ತೆ.

ಮ್ಯಾಕ್‌ಬುಕ್‌ಗೆ ಮಿರಾಕಾಸ್ಟ್ ಬರಲ್ಲ, ಅದರದು ಏರ್‌ಪ್ಲೇ. ಇತ್ತೀಚಿನ ಹಲವು ಸ್ಯಾಮ್ಸಂಗ್, ಎಲ್‌ಜಿ, ಸೋನಿ ಟಿವಿಗಳಲ್ಲಿ ಏರ್‌ಪ್ಲೇ ಇದೆ. ಕಂಟ್ರೋಲ್ ಸೆಂಟರ್‌ನಲ್ಲಿ ಸ್ಕ್ರೀನ್ ಮಿರರಿಂಗ್ ಒತ್ತಿದ್ರೆ ಸಾಕು. ಟಿವಿಯಲ್ಲಿ ಏರ್‌ಪ್ಲೇ ಇಲ್ಲ, ಆದ್ರೆ ಅದು ಗೂಗಲ್ ಟಿವಿ ಅಂದ್ರೆ? ಕ್ರೋಮ್ ಬ್ರೌಸರ್ ಇದ್ದೇ ಇದೆ. ಬಲಮೂಲೆಯ ಮೂರು ಚುಕ್ಕೆಯಲ್ಲಿ ಕಾಸ್ಟ್ ಸಿಗುತ್ತೆ. ಇದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಒಂದೇ. ಲಿನಕ್ಸ್‌ನಲ್ಲಿ ಇಡೀ ಪರದೆ ಕಳಿಸೋಕೆ ಗ್ನೋಮ್ ನೆಟ್‌ವರ್ಕ್ ಡಿಸ್‌ಪ್ಲೇಸ್ ಅನ್ನೋ ತಂತ್ರಾಂಶವೂ ಇದೆ.

ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ಯೂಟ್ಯೂಬ್ ವಿಡಿಯೋದ ಒಳಗೇ ಇರೋ ಕಾಸ್ಟ್ ಚಿಹ್ನೆ ಒತ್ತಿದ್ರೆ ಅದು ವಿಳಾಸ. ಕ್ರೋಮ್‌ನ ಮೆನುವಿಗೆ ಹೋಗಿ ಕಾಸ್ಟ್ ಟ್ಯಾಬ್ ಅಂತ ಆರಿಸಿದ್ರೆ ಅದು ಮತ್ತೆ ಕನ್ನಡಿಯೇ. ಹೆಸರು ಕಾಸ್ಟ್, ಕೆಲಸ ಮಿರರ್. 'ಕಾಸ್ಟ್ ಮಾಡಿದೀನಿ, ಆದ್ರೂ ತಡವರಿಸುತ್ತೆ' ಅನ್ನೋರು ಮೊದಲು ಇದನ್ನ ನೋಡ್ಕೊಳ್ಳಿ.

ಈಗ ಕಾಡೋ ತೊಂದರೆಗಳು.

ಮೊದಲನೇದು, ಟಿವಿ ಪಟ್ಟಿಯಲ್ಲೇ ಕಾಣಲ್ಲ. ಕಾಸ್ಟ್, ಏರ್‌ಪ್ಲೇ ಎರಡಕ್ಕೂ ಸಾಮಾನ್ಯವಾಗಿ ಲ್ಯಾಪ್‌ಟಾಪ್, ಟಿವಿ ಒಂದೇ ನೆಟ್‌ವರ್ಕಿನಲ್ಲಿರಬೇಕು. ಫೈಬರ್‌ನವರು ಕೊಟ್ಟ ಪೆಟ್ಟಿಗೆ ಒಂದು, ನೀವು ಕೊಂಡ ರೂಟರ್ ಇನ್ನೊಂದು, ಎರಡೂ ವೈ-ಫೈ ಬಿಡ್ತಾ ಇರ್ತವೆ. ನಾಸಿಕ್ ಕಡೆ ರೋ ಹೌಸ್ ಜಾಸ್ತಿ ನೋಡಿ. ಕೆಳಗಡೆ ಒಂದು, ಮೇಲಿನ ಮಹಡಿಗೆ ಅಂತ ಇನ್ನೊಂದು ಹಾಕಿರ್ತೀವಿ. ಟಿವಿ ಕೆಳಗಿನದಕ್ಕೆ, ಲ್ಯಾಪ್‌ಟಾಪ್ ಮೇಲಿನದಕ್ಕೆ. ಒಂದೇ ಮನೆ, ಎರಡು ಬೀದಿ. ಎರಡನೇ ರೂಟರನ್ನ ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಎರಡೂ ಒಂದೇ ನೆಟ್‌ವರ್ಕ್ ಆಗುತ್ತೆ. ಪಿಜಿ, ಹಾಸ್ಟೆಲ್ ವೈ-ಫೈನಲ್ಲಿ ಒಂದು ಸಾಧನ ಇನ್ನೊಂದಕ್ಕೆ ಕಾಣದ ಹಾಗೆ ಬೇಕಂತಲೇ ತಡೆ ಹಾಕಿರ್ತಾರೆ. ಅಲ್ಲಿ ಟಿವಿಯ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ಸಿಗೋ ಟಿವಿ ಕೋಡನ್ನ ಫೋನಿನ ಯೂಟ್ಯೂಬ್‌ಗೆ ಹಾಕಿ, ನೆಟ್‌ವರ್ಕ್ ಬೇರೆ ಇದ್ರೂ ನಡೆಯುತ್ತೆ.

ಎರಡನೇದು, ಚಿತ್ರ ತಡವರಿಸೋದು. ಇಂಟರ್ನೆಟ್ ಪ್ಲಾನ್ ಬದಲಾಯಿಸೋಕೆ ಓಡಬೇಡಿ. ಕನ್ನಡಿ ಹಿಡಿಯುವಾಗ ಹೊರಗಿನ ಇಂಟರ್ನೆಟ್ ವೇಗಕ್ಕಿಂತ ಮನೆಯೊಳಗಿನ ಗಾಳಿ ಮುಖ್ಯ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ ಮೂರು: 1, 6, 11. ಇಂದಿರಾನಗರದ್ದಾಗಲಿ ಗಾರಖೇಡಾದ್ದಾಗಲಿ, ಒಂದು ಅಪಾರ್ಟ್‌ಮೆಂಟಿನಲ್ಲಿ ಎಷ್ಟು ರೂಟರ್ ಇರ್ತವೆ ಯೋಚಿಸಿ. 5 ಗಿಗಾಹರ್ಟ್ಸ್ ಖಾಲಿ ಇರುತ್ತೆ, ಆದ್ರೆ ಕಾಂಕ್ರೀಟ್ ಗೋಡೆ ದಾಟೋಕೆ ತಿಣುಕುತ್ತೆ. ಕಡಿಮೆ ಬೆಲೆಯ ಕೆಲವು ಟಿವಿಗಳಿಗೆ 5 ಗಿಗಾಹರ್ಟ್ಸ್ ಇರೋದೇ ಇಲ್ಲ, ಕೊಳ್ಳುವಾಗ ಕೇಳಿ.

ಇನ್ನೊಂದು ಲೆಕ್ಕ. ಟ್ಯಾಬ್ ಕಾಸ್ಟ್ ಮಾಡಿದಾಗ ಚಿತ್ರ ಲ್ಯಾಪ್‌ಟಾಪಿನಿಂದ ರೂಟರ್‌ಗೆ, ರೂಟರ್‌ನಿಂದ ಟಿವಿಗೆ ಹೋಗುತ್ತೆ. ಒಂದೇ ಮಾತನ್ನ ಗಾಳಿಯಲ್ಲಿ ಎರಡು ಸಲ ಹೇಳಿದ ಹಾಗೆ. ಟಿವಿಯನ್ನ ರೂಟರ್‌ಗೆ ಒಂದು ಲ್ಯಾನ್ ಕೇಬಲ್‌ನಿಂದ ಜೋಡಿಸಿದ್ರೆ ಆ ಭಾರ ಅರ್ಧ ಆಗುತ್ತೆ. ತಂತಿ ಇಲ್ಲದ ಜೋಡಣೆ ಚೆನ್ನಾಗಿ ಆಗೋಕೆ ಒಂದು ತಂತಿ! ನಗು ಬರುತ್ತೆ, ಆದ್ರೆ ನಿಜ.

ಮೂರನೇದು, ಧ್ವನಿ ಬರುತ್ತೆ, ಚಿತ್ರ ಕಪ್ಪು. ಹಣ ಕೊಟ್ಟು ನೋಡೋ ಒಟಿಟಿಗಳಲ್ಲಿ ನಕಲು ತಡೆ ಇರುತ್ತೆ. ಕನ್ನಡಿ ಹಿಡಿದ್ರೆ ಹಲವು ಸಲ ಪರದೆ ಕಪ್ಪಾಗುತ್ತೆ. ಅದು ಕೆಟ್ಟಿಲ್ಲ, ಹಾಗೇ ಮಾಡಿರೋದು. ಟಿವಿಯಲ್ಲೇ ಆ ಆ್ಯಪ್ ಹಾಕ್ಕೊಳ್ಳಿ.

ನಾಲ್ಕನೇದು ನಮ್ಮ ಐಟಿಯವರದೇ ಸಮಸ್ಯೆ, ಆಫೀಸಿನ ಲ್ಯಾಪ್‌ಟಾಪ್. ವಿಪಿಎನ್ ಆನ್ ಇದ್ರೆ ಎಷ್ಟೋ ಸಲ ಮನೆಯ ನೆಟ್‌ವರ್ಕೇ ಅದಕ್ಕೆ ಕಾಣಲ್ಲ. ಎಷ್ಟೋ ಕಡೆ ವೈರ್‌ಲೆಸ್ ಡಿಸ್‌ಪ್ಲೇಯನ್ನ ಕಂಪನಿ ನೀತಿಯಲ್ಲೇ ಮುಚ್ಚಿರ್ತಾರೆ. ದಯವಿಟ್ಟು ಅದನ್ನ ದಾಟೋಕೆ ಹೋಗಬೇಡಿ. ಮಗುವಿನ ಹಾಡು ಹಾಕೋಕೆ ಹೋಗಿ ಕ್ಲೈಂಟ್ ಮೇಲ್ ಹಾಲ್‌ನ ಗೋಡೆ ಮೇಲೆ ಬಂದ್ರೆ? ಮನೆ ಕೆಲಸಕ್ಕೆ ಮನೆಯ ಲ್ಯಾಪ್‌ಟಾಪ್, ಹಳೇದಾದ್ರೂ ಪರವಾಗಿಲ್ಲ. ವಿಳಾಸ ಕೊಡೋಕೆ ದೊಡ್ಡ ಪ್ರೊಸೆಸರ್ ಬೇಡ. ಅದರಲ್ಲೂ ಡು ನಾಟ್ ಡಿಸ್ಟರ್ಬ್ ಆನ್ ಮಾಡಿಡಿ.

ಹಾಗೇ ಟಿವಿಗೆ ಒಂದು ಸ್ವಂತ ಹೆಸರಿಡಿ. ಒಂದೇ ಮಾಡೆಲ್‌ನ ನಾಲ್ಕು ಟಿವಿ ಪಟ್ಟಿಯಲ್ಲಿ ಬಂದಾಗ ಪಕ್ಕದ ಮನೆಯದಕ್ಕೆ ಕಳಿಸಿಬಿಡೋದು ಸುಲಭ. ಜೋಡಿಸೋ ಮುಂಚೆ ಅನುಮತಿ ಅಥವಾ ಪಿನ್ ಕೇಳೋ ಆಯ್ಕೆ ಇದ್ರೆ ಅದನ್ನೂ ಆನ್ ಮಾಡಿ.

ಕೊನೆಯದಾಗಿ, ನನಗೆ ಬಹಳ ಮುಖ್ಯ ಅನ್ನಿಸೋದು ವಿಡಿಯೋ ಕಾಲ್. ಊರಲ್ಲಿರೋ ಅಜ್ಜ ಅಜ್ಜಿ ಮೊಮ್ಮಗುವಿಗೆ ಆರು ಇಂಚಿನ ಫೋನಿನಲ್ಲಿ ಬೆರಳಷ್ಟು ಕಾಣ್ತಾರೆ. ಮಗು ಎರಡು ನಿಮಿಷಕ್ಕೆ ಎದ್ದು ಹೋಗುತ್ತೆ. ಅದೇ ಮುಖ ಟಿವಿಯಲ್ಲಿ ಎದುರು ಕೂತಷ್ಟು ದೊಡ್ಡದಾಗಿ ಬಂದ್ರೆ ಮಾತು ಬೇರೆ. ಇದಕ್ಕೆ ಮೂರು ಸೂತ್ರ. ಒಂದು, ಚಿತ್ರ ಮಾತ್ರ ಟಿವಿಗೆ, ಧ್ವನಿ ಲ್ಯಾಪ್‌ಟಾಪಿನಲ್ಲೇ ಇರಲಿ. ಟಿವಿಯಿಂದ ಧ್ವನಿ ತಡವಾಗಿ ಬಂದು ಮೈಕಿಗೆ ಸೇರಿದ್ರೆ ಅವರಿಗೆ ಅವರದೇ ದನಿ ಮರಳಿ ಕೇಳುತ್ತೆ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಲ್ಯಾಪ್‌ಟಾಪ್ ಅಂತ ಆರಿಸಿ. ಎರಡು, ಲ್ಯಾಪ್‌ಟಾಪನ್ನ ಟಿವಿಯ ಮುಂದೆಯೇ ಕೆಳಗೆ ಇಡಿ. ಕ್ಯಾಮೆರಾ ಅಲ್ಲಿರೋದು ತಾನೇ? ಪಕ್ಕದಲ್ಲಿಟ್ರೆ ಮೊಮ್ಮಗು ಬೇರೆಲ್ಲೋ ನೋಡ್ತಾ ಮಾತಾಡಿದ ಹಾಗೆ ಕಾಣುತ್ತೆ. ಮೂರು, ತುಟಿ ಆಡೋದಕ್ಕೂ ಮಾತಿಗೂ ಸ್ವಲ್ಪ ಅಂತರ ಬರುತ್ತೆ, ಅದನ್ನ ಮರೆತುಬಿಡಿ.

ಕನ್ನಡ ಓದಿಸೋಕೂ ಟಿವಿ ಬಳಸಬಹುದು. ಕನ್ನಡಿ ಹಿಡಿದಾಗ ಚಿತ್ರ ಕುಗ್ಗಿ ಹೋಗೋದರಿಂದ ಸಣ್ಣ ಅಕ್ಷರ ಮಸುಕಾಗುತ್ತೆ. ಇಂಗ್ಲಿಷ್‌ಗಿಂತ ನಮಗೆ ಇದರ ಪೆಟ್ಟು ಜಾಸ್ತಿ, ಒತ್ತಕ್ಷರ ಮೊದಲು ಕಲಸಿಹೋಗುತ್ತೆ. ಪುಟವನ್ನ 200 ಪರ್ಸೆಂಟ್‌ಗೆ ಹಿಗ್ಗಿಸಿ, ಬಿಳಿ ಮೇಲೆ ಕಪ್ಪು ಅಕ್ಷರ ಇಡಿ. ಬಣ್ಣದ ಅಕ್ಷರ ಬೇಡ.

ಎಲ್ಲಿಂದ ಶುರು ಮಾಡೋದು ಅಂದ್ರೆ, ನನ್ನ ಆಯ್ಕೆ 'ಥಟ್ ಅಂತ ಹೇಳಿ'. 2002ರಿಂದ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದಿರೋ ಕ್ವಿಜ್. ಅದರ ಎಷ್ಟೋ ಕಂತು ಯೂಟ್ಯೂಬ್‌ನಲ್ಲಿವೆ. ಫೋನಿನಲ್ಲಿ ಕ್ವಿಜ್ ಒಬ್ಬರೇ ನೋಡ್ತೀವಿ. ಟಿವಿಯಲ್ಲಿ ಹಾಕಿದ್ರೆ ಮನೆಯವರೆಲ್ಲ ಉತ್ತರ ಕೂಗ್ತಾರೆ. ಮಗು ತಪ್ಪು ಉತ್ತರ ಕೂಗಿದ್ರೂ ಕನ್ನಡದಲ್ಲೇ ಕೂಗುತ್ತಲ್ಲ, ಅಷ್ಟು ಸಾಕು.

ಹಾಗಾಗಿ ಈ ಶನಿವಾರ ಒಂದು ಗಂಟೆ ತೆಗೆದಿಡಿ. ಟಿವಿ ಯಾವ ಭಾಷೆ ಆಡುತ್ತೆ ನೋಡಿ, ಎರಡನ್ನೂ ಒಂದೇ ನೆಟ್‌ವರ್ಕಿಗೆ ತನ್ನಿ, ಟಿವಿಗೆ ಹೆಸರಿಡಿ, ಒಂದು ವಿಡಿಯೋ ವಿಳಾಸದಿಂದ ಕಳಿಸಿ, ಒಂದು ಕಾಲ್ ಕನ್ನಡಿಯಿಂದ ಮಾಡಿ. ಆಮೇಲೆ ಮನೆಯ ಇನ್ನೊಬ್ಬರಿಗೂ ಹೇಳಿಕೊಡಿ. ಒಬ್ಬರಿಗೆ ಮಾತ್ರ ಗೊತ್ತಿದ್ರೆ ಅವರು ಶಿಫ್ಟ್‌ಗೆ ಹೋದ ದಿನ ಟಿವಿ ಸುಮ್ಮನೆ ಗೋಡೆ ಮೇಲೆ ಇರುತ್ತೆ.